ಕಂಡಕ್ಟರರ ಬೇಲಿ

ನಮ್ಮ ಹಿಟ್ಟಿನ ಗಿರಣಿಯ ಮಗ್ಗುಲಿಗೇ ಒಂದು ಮನೆಯಿದೆ. ಆಳಂದದಿಂದ ಮಾದನಹಿಪ್ಪರಗಾಕ್ಕೆ ಹೋಗುವ ರಸ್ತೆಗೆ ಮುಖ ಮಾಡಿದ ಎರಡು ಖೋಲಿಯ ಸಾದಾ ಮನೆ. ಮನೆ ಸಣ್ಣದು, ಬೇಲಿ ಮಾತ್ರ ದೊಡ್ಡದು. ಬೀಸಿಸಲು ಬಂದ ಹೊಸಬರು ತಲೆಯ ಮೇಲಿನ ಡಬ್ಬಿ ಇಳಿಸುವ ಮೊದಲೇ "ಇದೇನ್ರಿ, ಜೈಲೇನ್ರಿ?" ಎಂದು ಕೇಳುತ್ತಾರೆ. "ಹೌದ್ರಿ, ನಿಮಗೂ ಒಂದು ಖೋಲಿ ಖಾಲಿ ಅದ" ಎಂದು ಹೇಳಿ ನಾನು ಅವರ ಜೋಳವನ್ನು ಗಿರಣಿಗೆ ಸುರಿಯುತ್ತೇನೆ. ಜೀವಮಾನವೆಲ್ಲ ಗಿರಣಿಯ ಸದ್ದಿನಲ್ಲಿ ಕಳೆದವನು ನಾನು. ಮೆತ್ತಗೆ ಮಾತನಾಡಲು ಬರುವುದಿಲ್ಲ, ಕೇಳಿದವರಿಗೆಲ್ಲ ಬಿಡಿಸಿ ಹೇಳುವ ತಾಳ್ಮೆಯೂ ಇಲ್ಲ. ಆದರೆ ಆ ಬೇಲಿಯ ಕಂಬಗಳನ್ನು ನಿಂತು ನೋಡಿದರೆ ಅವೇ ಎಲ್ಲವನ್ನೂ ಹೇಳುತ್ತವೆ. ಬುಡದಲ್ಲಿ ಸಿಮೆಂಟಿನಲ್ಲಿ ಹುಗಿದ ಹಳೆಯ ಪೈಪು. ಅದರ ಮೇಲೆ ತೊಡಿಸಿದ, ಹಸಿರು ಬಣ್ಣ ಸುಲಿದ ಮಂಚದ ಪೈಪು. ಅದರ ಮೇಲೆ ಬೆಸೆದ ಹೊಸ ಕಬ್ಬಿಣದ ಆ್ಯಂಗಲ್, ತುದಿಯಲ್ಲಿ ರಸ್ತೆಯ ಕಡೆಗೆ ಬಾಗಿದ್ದು. ಆ ಕಂಬಗಳನ್ನು ಹೀಗೆ ಎತ್ತರಿಸಿದವರು ತೀರಿಕೊಂಡು ವರ್ಷ ತುಂಬುತ್ತ ಬಂತು. ಬರೆಯದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಊರೆಲ್ಲ ಅವರನ್ನು ಕಂಡಕ್ಟರ್ ಎಂದೇ ಕರೆಯುತ್ತಿತ್ತು. ಹೆಸರು ಇತ್ತು, ಪಿಂಚಣಿಯ ಕಾಗದಕ್ಕೆ ಮಾತ್ರ ಬೇಕಾಗುತ್ತಿತ್ತು. ಕುಳ್ಳು ಆಳು, ಗುಂಡು ಹೊಟ್ಟೆ, ಹಣೆಯ ತುಂಬ ವಿಭೂತಿ. ನಿವೃತ್ತಿಯಾದ ಮೇಲೂ ಎರಡು ಜೇಬಿನ ಖಾಕಿ ಅಂಗಿ ಬಿಡಲಿಲ್ಲ. ಎಡಜೇಬಿನಲ್ಲಿ ಎಲೆ ಅಡಿಕೆಯ ಚಂಚಿ, ಬಲಜೇಬಿನಲ್ಲಿ ಕರಿದಾರ ಕಟ್ಟಿದ ಸೀಟಿ. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಮಂದಿಗೆ "ಒಳಗ ನಡೀರಿ, ಒಳಗ ಜಾಗಾ ಅದ" ಎಂದು ಕೂಗಿ ಕೂಗಿ ಆ ಮಾತು ಅವರ ನಾಲಿಗೆಗೆ ಅಂಟಿಬಿಟ್ಟಿತ್ತು. ಮನೆಗೆ ಒಬ್ಬನೇ ಒಬ್ಬ ಬಂದು ಹೊಸ್ತಿಲಲ್ಲಿ ನಿಂತರೂ ಅದೇ ಮಾತು. ಒಮ್ಮೆ ಯಾರದೋ ಸಾವಿನ ಮನೆಯಲ್ಲೂ ಬಾಗಿಲಲ್ಲಿ ನಿಂತು ಹಾಗೆ ಅಂದುಬಿಟ್ಟು ನನ್ನ ಹೆಂಡತಿಯ ಕೈಯಲ್ಲಿ ಬೈಸಿಕೊಂಡಿದ್ದರು.

ಅವರು ಮಾದನಹಿಪ್ಪರಗಾ ಬಸ್ಸಿನಲ್ಲಿ ಇದ್ದಷ್ಟು ಕಾಲ ಆ ಬಸ್ಸಿನಲ್ಲಿ ನಗೆಗೆ ಬರವಿರಲಿಲ್ಲ. ಆ ಊರಿನ ಒಬ್ಬ ಮುದುಕಿ ಆಡಿನ ಮರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹತ್ತಿದ್ದಳು. ಮರಿ ಅರಚಿತು. ಕಂಡಕ್ಟರರು ಮುಖ ಗಂಭೀರ ಮಾಡಿಕೊಂಡು, "ಯಮ್ಮಾ, ನಿನ್ನ ಹೊಟ್ಟಿ ಭಾಳ ಒದರಾಕತ್ತದ, ಮುಂಜಾನಿ ರೊಟ್ಟಿ ತಿಂದಿಲ್ಲೇನು?" ಎಂದು ಕೇಳಿ, ಮರಿಗೆ ಚೀಟಿ ಹರಿಯದೆ ಮುಂದೆ ಹೋದರು. ಆ ಬಸ್ಸಿನಲ್ಲಿ ನಾನೂ ಇದ್ದೆ. ಮುದುಕಿ ಊರು ಬರುವತನಕ ಅವರಿಗೆ ದುವಾ ಕೊಡುತ್ತಲೇ ಇದ್ದಳು.

ಸೀಟಿಯ ನಿಯಮ ಎಲ್ಲರಿಗೂ ಗೊತ್ತು. ಒಂದು ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಎರಡು ಊದಿ, ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಏಟು ಬಡಿದು "ರೈಟ್" ಎನ್ನುವುದು ಅವರ ರೂಢಿ. ಈ ನಿಯಮವನ್ನು ಡ್ರೈವರುಗಳಿಗಿಂತ ಚೆನ್ನಾಗಿ ಕಲಿತವನು ಅವರ ಒಬ್ಬನೇ ಮಗ, ಶರಣು.

ಶರಣುವಿನ ಮೈ ಬೆಳೆಯಿತು, ಬುದ್ಧಿ ಬೆಳೆಯಲಿಲ್ಲ. ಈಗ ಅವನಿಗೆ ಮೂವತ್ತು ದಾಟಿದೆ, ಅಪ್ಪನಿಗಿಂತ ಒಂದು ಗೇಣು ಎತ್ತರ. ಅವನಿಗೆ ಬರುವ ಮಾತು ಎರಡೇ, ಬಸ್ ಮತ್ತು ರೈಟ್. ಸಣ್ಣವನಿದ್ದಾಗ ತಾಯಿಗೆ ಮನೆಗೆಲಸ ಸಾಗಲಿ ಎಂದು ಕಂಡಕ್ಟರರು ಅವನನ್ನು ಬಸ್ಸಿಗೆ ಕರೆದೊಯ್ದು ತಮ್ಮ ಸೀಟಿನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವನ ಲೋಕವೆಂದರೆ ಅಷ್ಟೇ, ಕಿಟಕಿ, ಗಾಳಿ, ಸೀಟಿ. ತಾಯಿ ತೀರಿಕೊಂಡ ಮೇಲೆ ಅವನು ತಾನಾಗಿಯೇ ಮನೆ ಬಿಟ್ಟು ಬಸ್ಸು ಹತ್ತಲು ಕಲಿತ. ನಮ್ಮ ಗಿರಣಿಯ ಮುಂದೆ ರಸ್ತೆಗೆ ಹಂಪ್ ಇದೆ, ಅಲ್ಲಿ ಪ್ರತಿ ಬಸ್ಸೂ ನಿಧಾನವಾಗುತ್ತದೆ. ಅವನಿಗೆ ಅಷ್ಟು ಸಾಕಾಗಿತ್ತು.

ಆಗ ಅವರ ಬೇಲಿ ಸೊಂಟದೆತ್ತರ. ಅದನ್ನು ಹಾಕಿದ್ದು ಶರಣುವಿಗಲ್ಲ, ಕರಿಬೇವಿನ ಗಿಡ ತಿನ್ನುವ ಆಡುಗಳಿಗೆ. ಶರಣು ಅದನ್ನು ಹೊಸ್ತಿಲಿನ ಹಾಗೆ ದಾಟುತ್ತಿದ್ದ. ಕಂಡಕ್ಟರರಿಗೆ ಅದರ ಚಿಂತೆಯೂ ಇರಲಿಲ್ಲ. ಅವನು ಯಾವ ಬಸ್ಸು ಹತ್ತಿದರೂ ಒಳಗೆ ಇವರ ಗುರುತಿನವರೇ. ಸೀಟಿನಲ್ಲಿ ಕೂರಿಸಿ, ಚಹಾ ಕುಡಿಸಿ, ಮರಳುವಾಗ ಮನೆಯ ಮುಂದೆ ಒಂದು ಸೀಟಿ ಊದಿ ಇಳಿಸುತ್ತಿದ್ದರು. ಒಮ್ಮೆ ಅಫಜಲಪುರಕ್ಕೆ ಹೋಗಿಬಿಟ್ಟಿದ್ದ. ಅಲ್ಲಿನ ಬಸ್ ಸ್ಟ್ಯಾಂಡಿನ ಕಂಟ್ರೋಲರು ತಮ್ಮ ಮನೆಯಲ್ಲಿ ಮಲಗಿಸಿಕೊಂಡು ಮರುದಿನ ಹೊಸ ಅಂಗಿ ತೊಡಿಸಿ ಕಳಿಸಿದರು. "ನಮ್ಮ ಮಂದಿ ಅದಾರ ಸಾವಕಾರ್ರ, ನಂದೇನ್ ಫಿಕರ್ ಇಲ್ಲ" ಎಂದು ಕಂಡಕ್ಟರರು ನನ್ನ ಮುಂದೆ ಜಂಬ ಕೊಚ್ಚಿದ್ದರು. ನಾನು ಸಾವಕಾರನೂ ಅಲ್ಲ, ಏನೂ ಅಲ್ಲ. ಗಿರಣಿ ಇಟ್ಟವನನ್ನು ಹಾಗೆ ಕರೆದು ಕಾಲೆಳೆಯುವುದು ಅವರ ಚಾಳಿ.

ನಮ್ಮ ಮಂದಿ ಎಷ್ಟು ದಿನ ಇರುತ್ತಾರೆ? ಒಬ್ಬೊಬ್ಬರೇ ನಿವೃತ್ತಿಯಾದರು. ಕೆಲವರು ತೀರಿಕೊಂಡರು. ಬೇರೆ ಜಿಲ್ಲೆಗಳಿಂದ ಹೊಸ ಹುಡುಗರು ಬಂದರು. ಅವರ ಕಣ್ಣಿಗೆ ಶರಣು ಚೀಟಿ ತೆಗೆಸದೆ ಹತ್ತಿದ, ಮಾತಾಡದ, ದೊಡ್ಡ ಮೈಯ ಒಬ್ಬ ಗಂಡಸು. ಎಲ್ಲೋ ನಡುದಾರಿಯಲ್ಲಿ ಇಳಿಸಿಬಿಡುತ್ತಿದ್ದರು. ಅವರದೂ ತಪ್ಪೆನ್ನಲು ಬರುವುದಿಲ್ಲ. ಕಂಡಕ್ಟರರು ಹುಡುಕಲು ಹೋದಾಗಲೆಲ್ಲ ನಾನು ಗಿರಣಿ ನಿಲ್ಲಿಸಿ ಅವರ ಮನೆ ಕಾಯುತ್ತಿದ್ದೆ.

ಆಮೇಲೆ ಜೇವರ್ಗಿ ಕಡೆಯ ಘಟನೆ ನಡೆಯಿತು. ಶರಣು ಅದು ಹೇಗೋ ಬಸ್ಸು ಬದಲಿಸುತ್ತ ಜೇವರ್ಗಿ ದಾಟಿ ಒಂದು ಹಳ್ಳಿಯಲ್ಲಿ ಇಳಿದಿದ್ದಾನೆ. ಆಗ ಮೊಬೈಲಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಓಡಾಡುತ್ತಿದ್ದ ಕಾಲ. ಸಾಲೆಯ ಮುಂದೆ ನಿಂತು ಮಕ್ಕಳನ್ನು ನೋಡಿ ನಗುತ್ತಿದ್ದವನನ್ನು ಹಿಡಿದರು. ಹೆಸರು ಕೇಳಿದರೆ "ಬಸ್" ಅಂದ. ಊರು ಕೇಳಿದರೆ "ರೈಟ್" ಅಂದ. ಕಂಬಕ್ಕೆ ಕಟ್ಟಿ ಹೊಡೆದರು. ಯಾರೋ ಪುಣ್ಯಾತ್ಮ ಬಿಡಿಸಿ ಪೊಲೀಸರಿಗೆ ಒಪ್ಪಿಸಿದ್ದರಿಂದ ಜೀವ ಉಳಿಯಿತು.

ಅವನನ್ನು ಮನೆಗೆ ತಂದ ಸಂಜೆ ನಾನು ಹೋಗಿದ್ದೆ. ಅಂಗಳದಲ್ಲಿ ಅಂಗಿ ಬಿಚ್ಚಿ ಕೂರಿಸಿ ಕಂಡಕ್ಟರರು ಅವನ ಬೆನ್ನಿಗೆ ಅರಿಸಿನ ಕಲಸಿದ ಎಣ್ಣೆ ಹಚ್ಚುತ್ತಿದ್ದರು. ಬಾಸುಂಡೆಗಳನ್ನು ನನಗೆ ನೋಡಲಾಗಲಿಲ್ಲ. "ಸಾವಕಾರ್ರ, ಹಿಂದ ಇವನ್ನ ಚಹಾ ಕುಡಿಸಿ ಕಳಸ್ತಿದ್ರು" ಎಂದರು. ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡರು. ಶರಣು ಅವರನ್ನೇ ನೋಡುತ್ತ, "ಬಸ್?" ಎಂದು ಕೇಳಿದ.

ಮರುದಿನದಿಂದ ಬೇಲಿಯ ಕೆಲಸ ಶುರುವಾಯಿತು. ಹಳೆಯ ಕಂಬ ಕಿತ್ತು ಹೊಸದು ಹುಗಿಯುವಷ್ಟು ತಡೆಯಲು ಅವರು ತಯಾರಿರಲಿಲ್ಲ, ಇದ್ದವನ್ನೇ ಎತ್ತರಿಸಬೇಕು. ಅವರ ಹೆಂಡತಿ ಕೊನೆಗಾಲದಲ್ಲಿ ಮಲಗಿದ್ದ ಕಬ್ಬಿಣದ ಮಂಚ ಹಿತ್ತಲಲ್ಲಿ ಬಿದ್ದಿತ್ತು. ಅದರ ಪೈಪು ಬೇಲಿಯ ಪೈಪಿಗಿಂತ ಕೊಂಚ ದಪ್ಪ, ಮೇಲಿಂದ ಇಳಿಸಿದರೆ ಟೊಪ್ಪಿಗೆಯ ಹಾಗೆ ಸರಿಯಾಗಿ ಕೂರುತ್ತಿತ್ತು. ಗರಗಸ ಹಿಡಿದು ಮಂಚವನ್ನು ತುಂಡು ಮಾಡತೊಡಗಿದರು. ನನ್ನ ಹೆಂಡತಿ ಓಡಿಬಂದು, "ಅಣ್ಣಾವ್ರ, ಅದು ಅಕ್ಕನ ಮಂಚರೀ!" ಎಂದು ತಡೆದಳು. "ಇರ್ಲಿ ವೈನಿ, ಅಕಿನೂ ಒಂದೀಟು ಕಾಯಲಿ. ನಾ ಒಬ್ಬನೇ ಎಷ್ಟಂತ ಕಾಯಲಿ?" ಎಂದರು. ಮಂಚ ಸಾಲದೆ ಗುಜರಿ ಅಂಗಡಿಯಿಂದ ಅಂಥದ್ದೇ ಇನ್ನಷ್ಟು ತಂದರು. ಕಂಬಗಳು ಎದೆಯೆತ್ತರ ದಾಟಿ ಆಳೆತ್ತರವಾದವು. ಹೊಸ ತಂತಿಯ ಜಾಳಿ ಬಿಗಿದರು.

ಅವಸರದಲ್ಲಿ ಒಂದು ಮರೆತಿದ್ದರು. ತೊಡಿಸಿದ ಪೈಪಿಗೆ ತೂತು ಕೊರೆದು ಬೋಲ್ಟು ಹಾಕಿರಲಿಲ್ಲ. ಶರಣು ಹತ್ತಿ ಮೇಲಿನ ತುಂಡು ಹಿಡಿದಾಗ ಅದು ಅವನ ಸಮೇತ ತಿರುಗಿತು. ಬಿದ್ದು ಗದ್ದ ಒಡೆಯಿತು. ಕಂಡಕ್ಟರರು ಅವನನ್ನು ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿ ತಂದವರೇ, ಉಣ್ಣದೆ ತಿನ್ನದೆ ಪ್ರತಿ ಕಂಬಕ್ಕೂ ಬೋಲ್ಟು ಬಿಗಿದರು. ಬಿಗಿಯುವಾಗ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದುದು ನನ್ನ ಗಿರಣಿಯ ಸದ್ದಿನಲ್ಲೂ ಕೇಳುತ್ತಿತ್ತು. ಆದರೆ ಬೋಲ್ಟಿನಿಂದ ಹೊಸ ಫಜೀತಿ ಹುಟ್ಟಿತು. ಪೈಪು ಈಗ ಅಲುಗುವುದಿಲ್ಲ, ಹಾಗಾಗಿ ಶರಣುವಿಗೆ ಹತ್ತಲು ಇನ್ನೂ ಸಲೀಸಾಯಿತು. ಗದ್ದದ ಗಾಯ ಮಾಯುವ ಮೊದಲೇ ಅವನು ಬೇಲಿಯ ತುದಿಯಲ್ಲಿದ್ದ.

ಅವನನ್ನು ತಡೆಯುತ್ತಿದ್ದದ್ದು ನಿಜವಾಗಿ ಬೇಲಿಯಲ್ಲ, ಸೀಟಿ. ಎಷ್ಟೇ ಮೇಲೆ ಹತ್ತಿರಲಿ, ಕಂಡಕ್ಟರರು ಒಂದು ಸೀಟಿ ಊದಿದರೆ ಅಲ್ಲೇ ನಿಂತುಬಿಡುತ್ತಿದ್ದ. ಬೇಲಿ ಎತ್ತರವಿದ್ದಷ್ಟು ಹತ್ತಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಇವರು ಅಂಗಳಕ್ಕೆ ಬಂದು ಊದಬಹುದು, ಇದು ಅವರ ಲೆಕ್ಕ. ವಯಸ್ಸಾಗುತ್ತ ಅಂಗಳಕ್ಕೆ ಬರುವುದು ನಿಧಾನವಾಯಿತು. ಉಸಿರೂ ಸಾಲದಾಯಿತು. ಒಂದು ಮಧ್ಯಾಹ್ನ ಗಿರಣಿಗೆ ಬಂದು ಸೀಟಿಯನ್ನು ನನ್ನ ಕೈಗಿತ್ತರು.

"ನೀವೊಮ್ಮೆ ಊದ್ರಿ ಸಾವಕಾರ್ರ. ಅಂವ ಹತ್ತಾಕತ್ಯಾನ, ನೋಡ್ರಿ."

"ನಾನ್ಯಾಕ್ರಿ? ನೀವಿದ್ದೀರಲ್ಲ."

"ಇದ್ದಾಗ ಊದ್ರಿ ಅಂತ ಹೇಳಾಕತ್ತೇನಿ. ಇಲ್ಲದಾಗ ಯಾರ್ ಹೇಳ್ಬೇಕು?"

ನಾನು ಬಾಯಿ ಒರೆಸಿಕೊಂಡು ಊದಿದೆ. ಸೀಟಿಯಿಂದ ಸದ್ದಿನ ಜೊತೆಗೆ ಹಿಟ್ಟೂ ಹಾರಿತು. ಜಾಳಿಯ ಮೇಲಿದ್ದ ಶರಣು ಹೊರಳಿ ನನ್ನನ್ನು ನೋಡಿ ಹಲ್ಲು ಕಿರಿದು ಮತ್ತೆ ಹತ್ತತೊಡಗಿದ. ಇನ್ನೊಮ್ಮೆ ಜೋರಾಗಿ ಊದಿದೆ. ನಿಲ್ಲಲಿಲ್ಲ. ಕಂಡಕ್ಟರರು ಸೀಟಿ ಕಸಿದುಕೊಂಡು ಏದುಸಿರಿನಲ್ಲೇ ಊದಿದರು. ಅವನು ಗಕ್ಕನೆ ನಿಂತ.

"ಅಂವ ಸೀಟಿ ಕೇಳೂದಿಲ್ರಿ, ನನ್ನ ಕೇಳ್ತಾನ" ಎಂದರು. ಜೋಳದ ಚೀಲದ ಮೇಲೆ ಕುಸಿದು ಕೂತು ಅತ್ತರು. "ಬಸ್ಸಿನ್ಯಾಗ ಎಂಥೆಂಥಾ ಮಂದೀನ್ನ ಹತ್ತಿಸಿ ಇಳಿಸೀನ್ರಿ. ನಿದ್ದಿ ಹತ್ತಿದವ್ರನ್ನ ಎಬ್ಬಿಸಿ ಅವ್ರೂರಾಗ ಇಳಿಸೀನಿ. ನಾ ಸತ್ತ ಮ್ಯಾಲ ನನ್ನ ಮಗನ್ನ ಯಾರ್ ಇಳಸ್ತಾರ್ರಿ?" ಗಿರಣಿ ಖಾಲಿ ತಿರುಗುತ್ತಿತ್ತು, ನಿಲ್ಲಿಸಲೂ ಮರೆತಿದ್ದೆ.

ಕಲಬುರಗಿಯಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಆಶ್ರಮವಿದೆ ಎಂದು ಯಾರೋ ಹೇಳಿದರು. ಬಟ್ಟೆಯ ಗಂಟು ಕಟ್ಟಿಕೊಂಡು ಮಗನನ್ನು ಕರೆದೊಯ್ದರು. ಅದೇ ಸಂಜೆ ಇಬ್ಬರೂ ಮರಳಿದರು. ಕೇಳಿದರೆ, "ಅಲ್ಲಿ ಕಿಟಕಿ ಹಿತ್ತಲ ಕಡೆ ಅವ. ಬಸ್ಸೇ ಕಾಣಂಗಿಲ್ಲ" ಎಂದಷ್ಟೇ ಹೇಳಿದರು. ನನಗೆ ಸಿಟ್ಟು ಬಂತು. ಬಸ್ಸು ಕಾಣಬಾರದೆಂದೇ ಅಲ್ಲವೇ ಕರೆದೊಯ್ದದ್ದು, ಎಂದು ಬೈದೆ. ಅವರು ತಲೆ ತಗ್ಗಿಸಿದರು. ಮಗ ಹೋಗಲೂ ಬಾರದು, ಹೋಗುವ ಆಸೆ ಅವನಿಗೆ ಸಾಯಲೂ ಬಾರದು. ಆ ಎರಡರ ನಡುವೆ ಅವರು ನುರಿದುಹೋದರು.

ಕೊನೆಗೆ ವೆಲ್ಡಿಂಗ್ ಮೌನೇಶನನ್ನು ಕರೆಸಿದರು. ಮೌನೇಶ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟವನು, ಕಂಡಕ್ಟರರನ್ನು ಕಾಕಾ ಎಂದು ಕರೆಯುತ್ತಿದ್ದ. ಪ್ರತಿ ಕಂಬದ ಮೇಲೂ ಆ್ಯಂಗಲ್ ಬೆಸೆದು, ತುದಿಯನ್ನು ಬಗ್ಗಿಸಿ, ಅದಕ್ಕೆ ಮುಳ್ಳುತಂತಿ ಎಳೆಯಬೇಕು. ಗೇಟಿನ ಮೇಲೆ ಹತ್ತದಂತೆ ಅಡ್ಡ ಕಮಾನು ಕೂರಿಸಬೇಕು. ಹೀಗೆ ಮಾತಾಯಿತು. ಮೌನೇಶ ಕೆಲಸಕ್ಕೆ ಬಂದ ದಿನ ಕಂಡಕ್ಟರರು ಎದೆ ಬಿಗಿತವೆಂದು ದವಾಖಾನೆಗೆ ಹೋಗಿದ್ದರು. ಶರಣುವನ್ನು ನಾವು ನಮ್ಮ ಮನೆಯಲ್ಲಿಟ್ಟುಕೊಂಡಿದ್ದೆವು. ಸಂಜೆ ಮರಳಿದವರು ರಸ್ತೆಯಲ್ಲೇ ನಿಂತು ಬೇಲಿಯನ್ನು ನೋಡಿದರು. ಆ್ಯಂಗಲ್‌ಗಳೆಲ್ಲ ರಸ್ತೆಯ ಕಡೆಗೆ ಬಾಗಿದ್ದವು, ಮುಳ್ಳುತಂತಿ ಎಳೆಯುವುದು ಇನ್ನೂ ಬಾಕಿ ಇತ್ತು.

"ಲೇ ಮೌನ್ಯಾ! ಏನ್ ಮಾಡಿದೆಲೇ! ಹೊರಗ ಯಾಕ್ ಬಗ್ಗಿಸಿದಿ?"

"ಎಲ್ಲಾ ಬೇಲಿಗೂ ಹೊರಗೇ ಬಗ್ಗಸೂದು ಕಾಕಾ. ಕಳ್ಳರು ಒಳಗ ಬರಬಾರದಂತ."

"ನನ್ನ ಮನ್ಯಾಗ ಕಳ್ಳ ಏನ್ ಒಯ್ತಾನಲೇ? ನಂದು ಒಳಗಿಂದ ಹೊರಗ ಹೋಗತದ!"

ಮೌನೇಶನಿಗೆ ಶರಣುವಿನ ಸಂಗತಿ ಗೊತ್ತಿಲ್ಲದೆ ಇರಲಿಲ್ಲ. ಆದರೆ ಕೈಗೆ ರೂಢಿ. ಇಷ್ಟು ವರ್ಷ ಎಷ್ಟೋ ಬೇಲಿಗಳನ್ನು ಹೊರಗೆ ಬಗ್ಗಿಸಿದ ಕೈ, ಇದನ್ನೂ ಹಾಗೇ ಬಗ್ಗಿಸಿತ್ತು. ಒಳಗಿಂದ ಹತ್ತುವವನಿಗೆ ಅದು ತಡೆಯಲ್ಲ, ಒರಗಿಸಿಟ್ಟ ನಿಚ್ಚಣಿಕೆ. ಅವನು ಪೆಚ್ಚಾಗಿ, "ಒಳಗ ಬಗ್ಗಸೂದು ಜೈಲಿಗಷ್ಟೇ ಕಾಕಾ" ಎಂದ.

ಕಂಡಕ್ಟರರ ಮುಖ ನೋಡಲಾಗಲಿಲ್ಲ. ಅವರು ಒಂದು ಕಂಬವನ್ನು ಹಿಡಿದು, "ಹಂಗಾರ ಇದು ಜೈಲ್ ಅಂತ ತಿಳ್ಕೋ ಮಗಾ. ತಿರುಗಿಸಿ ಕೊಡು" ಎಂದರು.

"ನಾಳಿ ಅಮಾಸಿ ಕಾಕಾ. ನಾಡಿದ್ದ ಮುಂಜಾನೆದ್ದು ಬರ್ತೇನಿ."

ಅಮಾವಾಸ್ಯೆಯ ದಿನ ನಮ್ಮ ಕಡೆ ಯಂತ್ರ ಮುಟ್ಟುವುದಿಲ್ಲ. ಗಿರಣಿಯಿರಲಿ, ವೆಲ್ಡಿಂಗಿನ ಅಂಗಡಿಯಿರಲಿ, ತೊಳೆದು ವಿಭೂತಿ ಹಚ್ಚಿ ಕಾಯಿ ಒಡೆದು ಬಾಗಿಲು ಹಾಕುತ್ತೇವೆ. ಕಂಡಕ್ಟರರು ಅದಕ್ಕೆ ಎದುರಾಡಲಿಲ್ಲ. "ಒಂದಿನಾ ನಾನೇ ಕಾಯ್ತೇನಿ ಬಿಡು" ಎಂದು ಒಳಗೆ ಹೋಗಿ ಗೇಟಿಗೆ ಬೀಗ ಹಾಕಿಕೊಂಡರು. ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿತ್ತು.

ಮರುದಿನ ಮುಂಜಾನೆ ನಾನು ಗಿರಣಿಗೆ ಪೂಜೆ ಮಾಡುತ್ತಿದ್ದೆ. ಬೇರೆ ದಿನವಾಗಿದ್ದರೆ ಏನೂ ಕೇಳಿಸುತ್ತಿರಲಿಲ್ಲ. ಅವತ್ತು ಗಿರಣಿ ನಿಂತಿತ್ತು. ಪಕ್ಕದ ಅಂಗಳದಿಂದ ಸೀಟಿ ಕೇಳಿತು. ಎರಡು. ಸ್ವಲ್ಪ ತಡೆದು ಮತ್ತೆ ಎರಡು, ಇನ್ನೂ ಮೆಲ್ಲಗೆ. ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಆ ಮನೆಯಿಂದ ಒಂದು ಸೀಟಿ ಕೇಳಿ ಕೇಳಿ ನನಗೆ ರೂಢಿಯಾಗಿತ್ತು. ಎರಡು ಊದಿದ್ದನ್ನು ಅವರು ನಿವೃತ್ತಿಯಾದ ಮೇಲೆ ನಾನು ಕೇಳಿಯೇ ಇರಲಿಲ್ಲ.

ಹೊರಗೆ ಓಡಿದೆ. ಶರಣು ಬೇಲಿಯ ತುದಿಯಲ್ಲಿದ್ದ. ಹೊರಗೆ ಬಾಗಿದ ಆ್ಯಂಗಲ್‌ಗಳ ಮೇಲೆ ಹೊಟ್ಟೆ ಹಾಕಿ ಜಾರಿ, ಅಂಗಿ ಹರಿದುಕೊಂಡು ರಸ್ತೆಗೆ ಧುಮುಕಿದ. ಮಾದನಹಿಪ್ಪರಗಾದ ಬಸ್ಸು ಹಂಪಿನ ಹತ್ತಿರ ನಿಧಾನವಾಗಿತ್ತು. ನಾನು ಕೂಗುತ್ತಿದ್ದಂತೆಯೇ ಹತ್ತಿದ, ಬಸ್ಸು ಹೋಯಿತು. ತಿರುಗಿ ಜಾಳಿಯೊಳಗೆ ನೋಡಿದರೆ ಕಂಡಕ್ಟರರು ನೀರಿನ ಟಾಕಿಯ ಪಕ್ಕದಲ್ಲಿ ಬಿದ್ದಿದ್ದರು. ಒಂದು ಕೈ ಎದೆಯ ಮೇಲೆ, ಇನ್ನೊಂದರಲ್ಲಿ ಸೀಟಿ.

ನಾನು ಬೇಲಿ ಹತ್ತಲು ಹೋದೆ. ನನ್ನ ವಯಸ್ಸು, ನನ್ನ ಹೊಟ್ಟೆ. ಎರಡು ಸಲ ಜಾರಿಬಿದ್ದೆ. ಗೇಟನ್ನು ಹಿಡಿದು ಅಲುಗಾಡಿಸಿದೆ, ಒದ್ದೆ, ಬಾಯಿಗೆ ಬಂದಂತೆ ಬೈದೆ. ಮಗ ಹೊರಗೆ ಹೋಗದಿರಲೆಂದು ಕಟ್ಟಿದ ಬೇಲಿ ನಮ್ಮನ್ನು ಒಳಗೆ ಬಿಡಲಿಲ್ಲ. ಒಳಗೆ ಜಾಗ ಇದೆ ಎಂದು ಲೋಕವನ್ನೆಲ್ಲ ಕರೆದ ಮನುಷ್ಯ ನನ್ನ ಕಣ್ಣೆದುರಿಗೆ ಸಾಯುತ್ತಿದ್ದಾರೆ, ನಾನು ಜಾಳಿಗೆ ಮುಖ ಒತ್ತಿಕೊಂಡು ನಿಂತಿದ್ದೇನೆ. ಆ ಗಳಿಗೆಯನ್ನು ನನ್ನ ವೈರಿಗೂ ಕೊಡಬೇಡ ದೇವರೇ.

ಹೆಂಡತಿ ಓಡಿಹೋಗಿ ಮೌನೇಶನನ್ನು ಕರೆತಂದಳು. ಅವನು ಪೂಜೆಗೆ ಕೂತಿದ್ದವನು, ಮಡಿಯಲ್ಲೇ ಕಟರ್ ಹಿಡಿದು ಬಂದ. ಅಮಾವಾಸ್ಯೆ ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನನ್ನ ಗಿರಣಿಯಿಂದ ವಾಯರ್ ಎಳೆದು ಎರಡು ಕಂಬಗಳನ್ನು ಬುಡದಲ್ಲಿ ಕತ್ತರಿಸಿದ. ಜಾಳಿಯನ್ನು ಚಾಪೆಯ ಹಾಗೆ ಮಡಚಿ ಒಳಗೆ ಹೋದೆವು.

ಕಂಡಕ್ಟರರಿಗೆ ಇನ್ನೂ ಎಚ್ಚರವಿತ್ತು. ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ.

"ಹತ್ತಿದನ?" ಎಂದರು.

"ಹತ್ತಿದ್ರಿ."

"ಚಲೋ ಆತು."

ದವಾಖಾನೆಯ ಗಾಡಿ ಬರುವ ಮೊದಲೇ ಹೋಗಿಬಿಟ್ಟರು.

ಅಷ್ಟು ವರ್ಷ ತಡೆದವರು ಕೊನೆಗೆ ಯಾಕೆ ಹೋಗೆಂದರು ಎಂದು ಬಂದವರೆಲ್ಲ ಕೇಳಿದರು. ನೆರವು ಕರೆಯಲು ಕಳಿಸಿದರು ಎಂದು ಕೆಲವರು. ಹಾಗಲ್ಲ. ಶರಣು ನೆರವು ಕರೆಯುವವನಲ್ಲ, ಅದು ತಂದೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬೀಗ ಹಾಕಿದ ಗೇಟು, ಇಷ್ಟೆತ್ತರದ ಬೇಲಿ, ಒಳಗೆ ಹೆಣದ ಜೊತೆ ಮಗ ಒಬ್ಬನೇ. ಅದನ್ನು ಅವರು ಆ ಗಳಿಗೆಯಲ್ಲಿ ಕಂಡಿರಬೇಕು. ಅದಕ್ಕಿಂತ ಬಸ್ಸೇ ಮೇಲು ಅನ್ನಿಸಿರಬೇಕು. ಇದ್ದ ಉಸಿರನ್ನೆಲ್ಲ ಸೀಟಿಗೆ ಕೊಟ್ಟರು.

ಗೊಬ್ಬೂರಿನಿಂದ ಅವರ ತಂಗಿ ಬಂದಳು. ಎದೆ ಬಡಿದುಕೊಂಡು ಅತ್ತ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಶರಣ್ಯಾ ಬರೂತನಕ ನಮ್ಮಣ್ಣನ್ನ ಎತ್ತಬ್ಯಾಡ್ರಿ." ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೊರಲು ಬಿದಿರಿನ ವಿಮಾನ ಕಟ್ಟುತ್ತೇವೆ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತೇವೆ. ಸ್ನಾನ ಮಾಡಿಸಿ, ಹೊಸ ಖಾಕಿ ಅಂಗಿ ತೊಡಿಸಿ, ಬಲಜೇಬಿನಲ್ಲಿ ಸೀಟಿ ಇಟ್ಟು, ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆವು. ಬಸ್ ಸ್ಟ್ಯಾಂಡಿಗೆ ಜನ ಹೋದರು, ಎರಡು ಮೋಟರ್ ಸೈಕಲ್ ಮಾದನಹಿಪ್ಪರಗಾದ ದಾರಿ ಹಿಡಿದವು. ಶರಣು ದಾರಿಯಲ್ಲೂ ಸಿಗಲಿಲ್ಲ, ಬಸ್ ಸ್ಟ್ಯಾಂಡಿನಲ್ಲೂ ಸಿಗಲಿಲ್ಲ. ಬಿಸಿಲು ಇಳಿಯುತ್ತ ಬಂತು. ವಿಧಿ ಮಾಡಿಸಲು ಬಂದಿದ್ದ ಸ್ವಾಮಿಗಳು ಆಕಾಶ ನೋಡತೊಡಗಿದರು. ನನ್ನ ಕಣ್ಣ ಮುಂದೆ ಜೇವರ್ಗಿಯ ಕಂಬವೇ ಬರುತ್ತಿತ್ತು. ಅಪ್ಪ ಹೋದ ದಿನವೇ ಮಗನೂ ಹೋದನೆಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಸೀಟಿ ಕೇಳಿತು. ಬಸ್ಸು ಹಂಪು ದಾಟಿ ಮನೆಯ ಮುಂದೆಯೇ ನಿಂತಿತು. ಮೊದಲು ಇಳಿದವಳು ಒಬ್ಬ ಚಿಕ್ಕ ವಯಸ್ಸಿನ ಕಂಡಕ್ಟರ್ ಹುಡುಗಿ. ಅವಳ ಹಿಂದೆ ಶರಣು. ಅವನ ಕೈ ಹಿಡಿದು, ಬಗ್ಗಿದ ಬೆನ್ನಿನ ಒಬ್ಬ ಮುದುಕಿ. ಆಡಿನ ಮರಿಯ ಮುದುಕಿ! ಹುಡುಗಿ ಅವನನ್ನು ಊರಾಚೆ ಇಳಿಸುವವಳಿದ್ದಳಂತೆ. ಬಸ್ಸಿನಲ್ಲಿದ್ದ ಈ ಮುದುಕಿ ಜಗಳ ತೆಗೆದು, ತನ್ನ ಮನೆಗೆ ಒಯ್ದು, ರೊಟ್ಟಿ ಉಣಿಸಿ, ಮಲಗಿಸಿ, ಅದೇ ಬಸ್ಸಿಗೆ ತಾನೇ ಕರೆತಂದಿದ್ದಳು.

"ಇಂವ ನಮ್ಮ ಕಂಡಕ್ಟರನ ಕೂಸಲ್ಲೇನ್ರಿ?" ಎಂದಳು ಮುದುಕಿ. "ನಮ್ಮೂರಾಗ ಇವನ್ನ ಯಾರಿಗೆ ಗೊತ್ತಿಲ್ಲ? ಅವ್ರಪ್ಪನ ಮಗ್ಗಲಾಗ ಕುಂತು ಬರತಿದ್ದ."

ನನಗೆ ಅಲ್ಲೇ ಕೂತಿದ್ದ ಕಂಡಕ್ಟರರ ಮೇಲೆ ಸಿಟ್ಟು ಉಕ್ಕಿತು. ಖಾಕಿ ಹಾಕಿದವರನ್ನಷ್ಟೇ ನಮ್ಮ ಮಂದಿ ಎಂದು ನಂಬಿದಿರಲ್ಲ ಮಾರಾಯರೇ, ಅವರೆಲ್ಲ ಹೋದರು ಎಂದು ಕಂಬದ ಮೇಲೆ ಕಂಬ ಏರಿಸಿದಿರಲ್ಲ. ನಿಮ್ಮ ಬಸ್ಸಿನಲ್ಲಿ ಕೂತವರು ಎಷ್ಟು ಜನ ಎಂದು ಒಮ್ಮೆಯಾದರೂ ನೆನೆಯಬಾರದಿತ್ತೇ? ಹೇಳಲು ಒಂದೇ ಒಂದು ದಿನ ತಡವಾಗಿತ್ತು. ಮುದುಕಿ ಆಗ ಅಂಗಳದೊಳಗೆ ನೋಡಿದಳು. "ಅಯ್ಯ ನನ್ನಪ್ಪಾ" ಎಂದು ಅಲ್ಲೇ ಕೂತುಬಿಟ್ಟಳು.

ಈಗ ಆ ಮನೆಯಲ್ಲಿ ಗೊಬ್ಬೂರಿನ ತಂಗಿಯೇ ಇದ್ದು ಶರಣುವನ್ನು ನೋಡಿಕೊಳ್ಳುತ್ತಾಳೆ. ಕತ್ತರಿಸಿದ ಎರಡು ಕಂಬಗಳನ್ನು ಮತ್ತೆ ನಿಲ್ಲಿಸಿಕೊಡುತ್ತೇನೆ ಎಂದು ಮೌನೇಶ ಬಂದರೆ ಅವಳು ಬೇಡವೆಂದಳು. ಸೀಟಿ ನನ್ನ ಗಿರಣಿಯ ಮೊಳೆಗೆ ನೇತಾಡುತ್ತದೆ. ಶರಣು ಈಗಲೂ ಹೋಗುತ್ತಾನೆ, ಯಾರೋ ಕರೆತರುತ್ತಾರೆ. ಹೊತ್ತಾದರೆ ನನಗೆ ಅನ್ನ ಇಳಿಯುವುದಿಲ್ಲ. ನನಗೂ ವಯಸ್ಸಾಯಿತು. ಆ ಮುದುಕಿಯೂ ಎಷ್ಟು ದಿನ? ಕಂಡಕ್ಟರರ ಪ್ರಶ್ನೆ ಅವರೊಂದಿಗೆ ಮಣ್ಣಾಗಲಿಲ್ಲ, ನಮ್ಮ ಅಂಗಳಕ್ಕೆ ಬಂದು ಕೂತಿದೆ.

ಆ ಸಂಜೆ, ಬಸ್ಸಿನಿಂದ ಇಳಿದ ಶರಣು ಅಪ್ಪನ ಮುಂದೆ ಹೋಗಿ ಕೂತ. ಅಪ್ಪನ ಜೇಬಿಗೆ ಕೈ ಹಾಕಿ ಸೀಟಿ ತೆಗೆದು ಅವರ ತುಟಿಗೆ ಇಟ್ಟ. ಅದು ಬಿತ್ತು. ಮತ್ತೆ ಇಟ್ಟ. ಹೆಂಗಸರು ಹೋ ಎಂದು ಅತ್ತರು. ಅವನು ಅಪ್ಪನ ಮೊಣಕಾಲು ಹಿಡಿದು ಅವರ ಬಾಯಿಯನ್ನೇ ನೋಡುತ್ತ ಕೂತ. ವಿಮಾನದಲ್ಲಿ ಕೂರಿಸಿದಾಗಲೂ ಬಿಡಲಿಲ್ಲ. ಹೊರುವವರು ಬಗ್ಗಿದರೆ ಗಟ್ಟಿಯಾಗಿ ತಬ್ಬಿದ. ಗೊಬ್ಬೂರಿನ ಅತ್ತೆ ಕರೆದಳು, ಮೌನೇಶ ಕೈ ಬಿಡಿಸಲು ನೋಡಿದ, ಆಗಲಿಲ್ಲ. ಹೊತ್ತು ಮುಳುಗುವುದರಲ್ಲಿತ್ತು.

ನಾನು ನೆಲಕ್ಕೆ ಬಿದ್ದಿದ್ದ ಸೀಟಿಯನ್ನು ತೆಗೆದುಕೊಂಡೆ. ಹಿಂದೊಮ್ಮೆ ನನ್ನ ಸೀಟಿಗೆ ನಕ್ಕವನು ಇವನು. ಬಾಯಿ ಒರೆಸಿಕೊಂಡೆ. ಎರಡು ಊದಿದೆ.

ಶರಣು ತಲೆ ಎತ್ತಿ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ನಿಂತು, ವಿಮಾನದ ಬೊಂಬಿಗೆ ಅಂಗೈಯಿಂದ ಎರಡು ಏಟು ಬಡಿದು, "ರೈಟ್" ಎಂದ.

ವಿಮಾನ ಎದ್ದಿತು. ಗೇಟಿನ ಕಮಾನಿನ ಕೆಳಗೆ ಅದು ಹಿಡಿಯಲಿಲ್ಲ, ಮುಂಜಾನೆ ಕಂಬ ಕತ್ತರಿಸಿದ ಸಂದಿಯಿಂದಲೇ ಹೊರಗೆ ತಂದೆವು. ಯಾವತ್ತೂ ಬೇಲಿಯ ಮೇಲಿಂದಲೇ ಹೋಗುತ್ತಿದ್ದ ಶರಣು ಅವತ್ತು ನೆಲದ ಮೇಲೆ ನಡೆದು, ಅದೇ ಸಂದಿಯಿಂದ ಅಪ್ಪನ ಹಿಂದೆ ಹೊರಗೆ ಬಂದ.